ಇರುವೆಯನ್ನು ತುಳಿಯಬೇಡಿ, ಅದರ ದಾರಿ ಅಳಿಸಿ



ರಾತ್ರಿ ಬಾಯಿ ಕಟ್ಟಿಟ್ಟ ಪಶು ಆಹಾರದ ಚೀಲಕ್ಕೆ ಬೆಳಗಾಗುವಷ್ಟರಲ್ಲಿ ಇರುವೆ ಹತ್ತಿರುತ್ತದೆ. ಗೋಡೆಯ ಬಿರುಕಿನಿಂದ ಚೀಲದವರೆಗೆ ಗೆರೆ ಎಳೆದ ಹಾಗೆ ಒಂದೇ ಸಾಲು. ಅಷ್ಟೂ ಇರುವೆಗಳಿಗೆ ದಾರಿ ತೋರಿಸಿದ್ದು ಯಾರು?

ಇರುವೆಗಳ ಮಾತು ಬಹುಪಾಲು ವಾಸನೆಯಲ್ಲೇ ನಡೆಯುತ್ತದೆ. ಆಹಾರ ಹುಡುಕಿ ಹೊರಟ ಒಂದು ಇರುವೆಗೆ ಚೀಲದ ಸಿಹಿ ಸಿಕ್ಕಿದರೆ ಸಾಕು. ಗೂಡಿಗೆ ಮರಳುವಾಗ ಅದು ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸಿ ಒಂದು ವಾಸನೆಯನ್ನು ಸವರುತ್ತಾ ಹೋಗುತ್ತದೆ. ಇದಕ್ಕೆ ಫೆರೊಮೋನ್ ಎಂದು ಹೆಸರು. ಉಳಿದ ಇರುವೆಗಳು ತಲೆಯ ಮೇಲಿನ ಕುಡಿಮೀಸೆಯಿಂದ ಅದನ್ನು ಗ್ರಹಿಸಿ ಹಿಂಬಾಲಿಸುತ್ತವೆ. ಆಹಾರ ಸಿಕ್ಕಿ ಮರಳುವ ಇರುವೆಗಳು ಅದೇ ಗೆರೆಯ ಮೇಲೆ ಮತ್ತಷ್ಟು ಸವರುತ್ತವೆ. ಹೀಗೆ ಸಾಲು ದಟ್ಟವಾಗುತ್ತದೆ. ಆಹಾರ ಮುಗಿದರೆ ಸವರುವುದು ನಿಲ್ಲುತ್ತದೆ, ವಾಸನೆ ಆರುತ್ತದೆ, ಸಾಲು ಕರಗುತ್ತದೆ.

ಸಾಲನ್ನು ಕಾಲಿನಿಂದ ಉಜ್ಜಿ ಕೊಂದರೆ ಗೆರೆ ಪೂರ್ತಿ ಅಳಿಯುವುದಿಲ್ಲ. ಅನೇಕ ಜಾತಿಯ ಇರುವೆಗಳಲ್ಲಿ ಜಜ್ಜಿದ ಇರುವೆಯಿಂದ ಅಪಾಯದ ವಾಸನೆ ಹೊರಟು, ಉಳಿದವು ಕೆರಳಿ ಕಚ್ಚುತ್ತವೆ.

ಇರುವೆ ಪುಡಿ ಎರಚುವುದು ಇನ್ನೂ ಅಪಾಯ. ಕೆಲವು ಕೀಟನಾಶಕಗಳು ಜಿಡ್ಡಿನಲ್ಲಿ ಕರಗುತ್ತವೆ. ಹಸು ನೆಕ್ಕಿದರೆ ಅಥವಾ ಮೇವಿನೊಂದಿಗೆ ತಿಂದರೆ ಹಾಲಿನ ಜಿಡ್ಡಿನ ಜೊತೆ ಹೊರಬರುತ್ತವೆ. ಹಿಂದೆ ಮನೆಮನೆಯಲ್ಲೂ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು 1997ರಲ್ಲೇ ನಿಷೇಧಿಸಲಾಗಿದೆ. ಆ ಹಾಲನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ ಎಂಬುದನ್ನು ಮರೆಯಬೇಡಿ.

ವಿಷವಿಲ್ಲದೆ ಹೀಗೆ ಮಾಡಿ:

• ಚೆಲ್ಲಿದ ಹಿಂಡಿ, ಬೂಸಾ ಗುಡಿಸಿ. ಇರುವೆ ಹತ್ತಿದ ಚೀಲವನ್ನು ಹೊರಗೆ ಒಯ್ದು ಕೊಡವಿ.
• ಸಾಲು ಬಂದ ದಾರಿಯನ್ನು ಗೂಡಿನ ಬಾಯಿಯವರೆಗೂ ಸೋಪಿನ ನೀರಿನಿಂದ ಉಜ್ಜಿ ಒರೆಸಿ. ಗೋದಲಿಗೆ ಸೋಪು ತಾಗದಿರಲಿ.
• ಚೀಲಗಳನ್ನು ಗೋಡೆಗೆ ತಾಗದಂತೆ ಮಣೆಯ ಮೇಲಿಡಿ. ಮಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ನೀರಿಗೆ ಎರಡು ಹನಿ ಸೋಪು ಹಾಕಿದರೆ ಇರುವೆ ಮೇಲೆ ತೇಲಿ ದಾಟಲಾರದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ.
• ಹುಟ್ಟಿದ ಕರುವನ್ನು ಒರೆಸಿ ಒಣ ಹಾಸಿನ ಮೇಲೆ ಮಲಗಿಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಸತ್ತೆ ಬಿದ್ದ ಕೂಡಲೇ ದೂರ ಒಯ್ದು ಹೂತುಬಿಡಿ.

ಇರುವೆಗೂ ಒಂದು ಬಗೆಯ ಹೈನುಗಾರಿಕೆ ಗೊತ್ತು! ಮೇವಿನ ಅಲಸಂದೆಯ ಕುಡಿಯಲ್ಲಿ ಕೂತ ಸಸ್ಯಹೇನನ್ನು ಕುಡಿಮೀಸೆಯಿಂದ ಸವರಿ, ಅದು ಬಿಡುವ ಸಿಹಿ ಅಂಟನ್ನು ಕುಡಿಯುತ್ತದೆ. ಪ್ರತಿಯಾಗಿ, ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಆದ್ದರಿಂದ ಅಲಸಂದೆ ಗಿಡಕ್ಕೆ ಇರುವೆ ಹತ್ತುತ್ತಿದ್ದರೆ ಎಲೆಯ ಅಡಿ, ಕುಡಿಯ ತುದಿ ತಿರುವಿ ನೋಡಿ. ಔಷಧಿ ಸಿಂಪಡಿಸಲೇಬೇಕಾದರೆ ಮೊದಲು ಕೃಷಿ ಅಧಿಕಾರಿಗಳನ್ನು ಕೇಳಿ. ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಆ ಮೇವನ್ನು ಹಸುವಿಗೆ ಹಾಕಬೇಡಿ.