ಆಟದ ಮೂಲಕ ಮಕ್ಕಳ ರಕ್ಷಣೆಯ ತರಬೇತಿ

ಹದಿನೆಂಟು ವರ್ಷ ತುಂಬದ ಎಲ್ಲರೂ ಕಾನೂನಿನ ಪ್ರಕಾರ ಮಕ್ಕಳೇ. ಆ ಲೆಕ್ಕದಲ್ಲಿ ಪಿಯು ಓದುವ ನಮ್ಮಲ್ಲಿ ಹೆಚ್ಚಿನವರೂ ಮಕ್ಕಳು. ಆದರೂ ಕೇರಿಯ ಚಿಕ್ಕವರು ಹೆದರಿಕೆಯಾದಾಗ ಅಕ್ಕ, ಅಣ್ಣ, ಟ್ಯೂಷನ್ ಹೇಳಿಕೊಡುವವರು, ಅಂಗನವಾಡಿ ಟೀಚರ್ ಹತ್ತಿರವೇ ಹೇಳಿಕೊಳ್ಳುತ್ತಾರೆ. ಆಗ ಏನು ಮಾಡಬೇಕು ಎಂಬುದನ್ನು ಸ್ವಯಂಸೇವಕರಿಗೆ ಕಲಿಸಲು ಆಟ ಒಳ್ಳೆಯ ದಾರಿ.

ಕಲಿಯಬೇಕಾದ ನಿಯಮಗಳು ಕೆಲವೇ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಉಚಿತ. 2012ರ ಪೋಕ್ಸೋ ಕಾಯ್ದೆಯಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ವಯಸ್ಕರು ಮುಚ್ಚಿಟ್ಟರೆ ಶಿಕ್ಷೆಯಿದೆ. ಮಗುವಿನ ಹೆಸರು, ಫೋಟೊ, ಶಾಲೆ ಹೊರಗೆ ಬರುವಂತಿಲ್ಲ. ಮನೆಯವರಿಲ್ಲದೆ ಒಂಟಿಯಾಗಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ.

ಇಷ್ಟನ್ನು ಒಂದು ಭಾಷಣದಲ್ಲಿ ಹೇಳಿ ಮುಗಿಸಬಹುದು. ಆದರೆ ಅಕೌಂಟೆನ್ಸಿಯಲ್ಲಿ ಡೆಬಿಟ್, ಕ್ರೆಡಿಟ್ ನಿಯಮ ಬಾಯಿಪಾಠ ಬಂದರೂ ಲೆಕ್ಕಕ್ಕೆ ಕೂತಾಗಲೇ ನಮ್ಮ ತಪ್ಪು ಗೊತ್ತಾಗುವುದು. ಲೆಕ್ಕವನ್ನು ಅಳಿಸಿ ಮತ್ತೆ ಬರೆಯಬಹುದು. ಮಗುವಿನ ವಿಷಯದಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ತಪ್ಪುಗಳು ಆಟದಲ್ಲೇ ಆಗಿಹೋಗಲಿ.

ಹಾವು ಏಣಿ ಆಟ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ದಾಳ ಬಿದ್ದಂತೆ ನಡೆಯಬೇಕು, ನಮ್ಮ ತೀರ್ಮಾನಕ್ಕೆ ಜಾಗವಿಲ್ಲ. ಅದಕ್ಕೆ ಸನ್ನಿವೇಶದ ಚೀಟಿಗಳನ್ನು ಸೇರಿಸಬೇಕು. ಒಂದು ಚೀಟಿ ಹೀಗಿರಬಹುದು: "ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ರೈಲಿನಲ್ಲಿ ಹತ್ತು ವರ್ಷದ ಹುಡುಗ ಒಂಟಿಯಾಗಿದ್ದಾನೆ." ಆಡುವವರು ಏನು ಮಾಡುತ್ತೇವೆಂದು ಹೇಳಬೇಕು. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಹಾವು. ಜೊತೆಗೆ ಕೂತು 1098ಕ್ಕೆ ಅಥವಾ ರೈಲ್ವೆ ಪೊಲೀಸರಿಗೆ ತಿಳಿಸಿದರೆ ಏಣಿ. ಇನ್ನೊಂದು ಚೀಟಿ: "ಪಕ್ಕದ ಬೀದಿಯಲ್ಲಿ ಹದಿನಾರರ ಹುಡುಗಿಗೆ ಮುಂದಿನ ವಾರ ಮದುವೆ." ಆ ಮನೆಯ ಮುಂದೆ ಹೋಗಿ ಜಗಳ ತೆಗೆಯಬೇಕೇ, ಬಾಲ್ಯವಿವಾಹ ನಿಷೇಧಾಧಿಕಾರಿಗೆ ಸುದ್ದಿ ಮುಟ್ಟಿಸಬೇಕೇ?

ಎರಡನೆಯದು ಪಾತ್ರಾಭಿನಯ. ಒಬ್ಬರು ಮಗು, ಒಬ್ಬರು ಸ್ವಯಂಸೇವಕ, ಮೂರನೆಯವರು ನೋಡಿ ಬರೆದುಕೊಳ್ಳುವವರು. "ಯಾರು? ಯಾವಾಗ? ಎಷ್ಟು ಸಲ?" ಎಂದು ಪ್ರಶ್ನೆಗಳ ಮಳೆ ಸುರಿಸಿದರೆ ಮಗುವಿನ ಪಾತ್ರದವರು ಬಾಯಿ ಮುಚ್ಚಿಕೊಳ್ಳುತ್ತಾರೆ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟರೂ ತಪ್ಪೇ, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಕೇಳಿಸಿಕೊಳ್ಳುವುದು, "ನಿನ್ನ ತಪ್ಪೇನಿಲ್ಲ" ಎನ್ನುವುದು, ತಿಳಿಸಬೇಕಾದವರಿಗೆ ತಿಳಿಸುವುದು ಸ್ವಯಂಸೇವಕರ ಕೆಲಸ. ತನಿಖೆ ಪೊಲೀಸರದು.

ಈ ಅಭಿನಯ ಮನೆಮಾತಿನಲ್ಲಿ ನಡೆದರೆ ಒಳ್ಳೆಯದು. ನಮ್ಮ ಎರಡೂ ಊರುಗಳಲ್ಲಿ ಕನ್ನಡದ ಜೊತೆ ಉರ್ದು, ತಮಿಳು ಮಾತಾಡುವ ಮನೆಗಳಿವೆ. ಶಾಲೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಮಗುವೂ ಹೆದರಿದಾಗ "ಡರ್ ಲಗ್ ರಾ" ಎಂದೇ ಹೇಳೀತು.

ಕೆಲವು ಎಚ್ಚರಿಕೆಗಳು: ನಿಜವಾಗಿ ನಡೆದ ಯಾವ ಮಗುವಿನ ಕಥೆಯನ್ನೂ ಚೀಟಿಯಲ್ಲಿ ಬರೆಯಬಾರದು. ಆಡುವವರಲ್ಲೇ ಯಾರಿಗಾದರೂ ನೋವಾದರೆ, ಕಾರಣ ಕೇಳದೆ ಎದ್ದುಹೋಗಲು ಬಿಡಬೇಕು. ಮಕ್ಕಳ ಕಾನೂನು ತಿಳಿದ ಹಿರಿಯರೊಬ್ಬರು ಇರಬೇಕು. ಆಟದ ನಂತರ ಅರ್ಧ ಗಂಟೆ ಚರ್ಚೆ ನಡೆಯಲೇಬೇಕು, ಕಲಿಕೆ ಗಟ್ಟಿಯಾಗುವುದು ಅಲ್ಲಿಯೇ.

ಇದಕ್ಕೆ ಬೇಕಾದದ್ದು ಒಂದು ರಟ್ಟು, ಒಂದು ದಾಳ, ಇಪ್ಪತ್ತು ಚೀಟಿ. ನಮ್ಮ ಕಾಲೇಜಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಆಡಿ ನೋಡಬಹುದು. ನಂತರ ಅದೇ ರಟ್ಟನ್ನು ನಮ್ಮ ಮೊಹಲ್ಲಾಗಳಿಗೂ ಒಯ್ಯಬಹುದು.