ಕರುಳು ಕೆಟ್ಟರೆ ಕತ್ತಿನ ಗ್ರಂಥಿ ಏಕೆ ಸುಮ್ಮನಾಗುತ್ತದೆ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊಟದಲ್ಲಿ ಬಿಳಿಜೋಳದ ರೊಟ್ಟಿಗೆ ಮೊದಲ ಸ್ಥಾನ. ರೊಟ್ಟಿ ಬಡಿಯುವುದನ್ನು ನೀವು ಗಮನಿಸಿರಬಹುದು. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿದರೂ ಅದು ಗೋಧಿಯ ಕಣಕದಂತೆ ಎಳೆದಷ್ಟು ಹಿಗ್ಗುವುದಿಲ್ಲ. ಗೋಧಿಗೆ ಆ ಜಿಗುಟನ್ನು ಕೊಡುವ ಪ್ರೋಟೀನು ಗ್ಲೂಟೆನ್. ಜೋಳದಲ್ಲಿ ಅದು ಇಲ್ಲ.

ಕೆಲವರ ದೇಹದ ರೋಗರಕ್ಷಣಾ ವ್ಯವಸ್ಥೆ ಗ್ಲೂಟೆನ್ನನ್ನು ಶತ್ರುವೆಂದು ಭಾವಿಸಿ ಹೋರಾಡುತ್ತದೆ. ಈ ಹೋರಾಟದಲ್ಲಿ ಸಣ್ಣ ಕರುಳಿನ ಒಳಗೋಡೆಯ ಬೆರಳಿನಾಕಾರದ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಇದೇ ಸೀಲಿಯಾಕ್ ರೋಗ. ವಿಲ್ಲೈಗಳು ಸವೆದರೆ ಹೀರುವ ಮೇಲ್ಮೈ ವಿಸ್ತೀರ್ಣ ಕುಗ್ಗುತ್ತದೆ. ತಿಂದದ್ದು ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದಿಲ್ಲ.

2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದು 23,331 ಜನರನ್ನು ಪರೀಕ್ಷಿಸಿತು. ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡಾ 1.23, ದಕ್ಷಿಣದಲ್ಲಿ ಶೇಕಡಾ 0.10 ಮಂದಿಯಲ್ಲಿ ಕಂಡುಬಂದವು. ರೋಗಕ್ಕೆ ಅನುಕೂಲವಾದ ಜೀನುಗಳ ಪ್ರಮಾಣದಲ್ಲಿ ಮಾತ್ರ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದುದು ಗೋಧಿಯಲ್ಲಿ: ದಿನಕ್ಕೆ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಅಂದರೆ ಜೋಳ ಉಣ್ಣುವ ನಾಡಿನಲ್ಲಿ ಚಪಾತಿ, ಬ್ರೆಡ್ಡು, ಬಿಸ್ಕತ್ತು ಹೆಚ್ಚಿದಂತೆ ಈ ರೋಗವೂ ನಮ್ಮ ಗಮನದಲ್ಲಿರಬೇಕು.

ಈಗ ಕತ್ತಿಗೆ ಬರೋಣ. ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ ತೊಗರಿ ಬೇಳೆಯ ಗಾತ್ರದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕಿರುತ್ತವೆ. ರಕ್ತದ ಪ್ರತಿ 100 ಮಿಲಿಲೀಟರಿನಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ನೀರಿನ ತೊಟ್ಟಿಯಲ್ಲಿ ಮಟ್ಟ ಇಳಿದೊಡನೆ ತೇಲುಗುಂಡು ನಲ್ಲಿಯನ್ನು ತೆರೆಯುವುದಷ್ಟೆ? ಹಾಗೆಯೇ ಕ್ಯಾಲ್ಸಿಯಂ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಸೋರದಂತೆ ತಡೆಯುತ್ತದೆ, ಡಿ ವಿಟಮಿನ್ನನ್ನು ಸಕ್ರಿಯಗೊಳಿಸುತ್ತದೆ.

ಆದ್ದರಿಂದ ಸೀಲಿಯಾಕ್ ರೋಗಿಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹಾರ್ಮೋನು ಹೆಚ್ಚಬೇಕು. ಬಹುಮಟ್ಟಿಗೆ ಆಗುವುದೂ ಹಾಗೆಯೇ. ಆದರೆ ಕೆಲವರಲ್ಲಿ ಕ್ಯಾಲ್ಸಿಯಂ ಇಳಿದರೂ ಹಾರ್ಮೋನು ಏರುವುದಿಲ್ಲ. ಏಕೆ?

ಮೊದಲ ಕಾರಣ ಮೆಗ್ನೀಸಿಯಂ. ಗ್ರಂಥಿಯು ಹಾರ್ಮೋನನ್ನು ಹೊರಬಿಡಲು ಈ ಲೋಹದ ಅಯಾನು ಬೇಕು. ಹಾನಿಗೊಂಡ ಕರುಳು ಇದನ್ನೂ ಸರಿಯಾಗಿ ಹೀರದು. ಭೇದಿಯಲ್ಲಿ ಇನ್ನಷ್ಟು ನಷ್ಟವಾಗುತ್ತದೆ. ಕೊರತೆ ತೀವ್ರವಾದಾಗ ಗ್ರಂಥಿ ಸುಮ್ಮನಾಗುತ್ತದೆ; ಇದ್ದಷ್ಟು ಹಾರ್ಮೋನಿಗೂ ಮೂಳೆ ಓಗೊಡುವುದಿಲ್ಲ. ಇಂಥವರಿಗೆ ಕ್ಯಾಲ್ಸಿಯಂ ಮಾತ್ರೆಯೊಂದನ್ನೇ ಕೊಟ್ಟರೆ ಗುಣ ಕಾಣದು. ರಕ್ತನಾಳದ ಮೂಲಕ ಮೆಗ್ನೀಸಿಯಂ ಕೊಟ್ಟರೆ ಹಾರ್ಮೋನು ನಿಮಿಷಗಳಲ್ಲೇ ಏರತೊಡಗುತ್ತದೆ. ಗ್ರಂಥಿ ಸತ್ತಿರಲಿಲ್ಲ, ಕಟ್ಟಿಹಾಕಿದಂತಿತ್ತು ಅಷ್ಟೆ.

ಎರಡನೆಯ ಕಾರಣ ವಿರಳ. ದಾರಿ ತಪ್ಪಿದ ರೋಗರಕ್ಷಣಾ ವ್ಯವಸ್ಥೆ ಪ್ಯಾರಾಥೈರಾಯ್ಡ್ ಗ್ರಂಥಿಯನ್ನೇ ಹಾಳುಮಾಡುತ್ತದೆ. ಆಗ ಕೊರತೆ ಶಾಶ್ವತ. ಕ್ಯಾಲ್ಸಿಯಂ ಮತ್ತು ಸಕ್ರಿಯ ಡಿ ವಿಟಮಿನ್ನನ್ನು ಮುಂದುವರಿಸಬೇಕು. ಗ್ಲೂಟೆನ್ ಬಿಟ್ಟು ಕರುಳು ಚೇತರಿಸಿಕೊಂಡರೆ ಅದೇ ಔಷಧಿ ಹೆಚ್ಚು ಹೀರಿಕೆಯಾಗಿ ಕ್ಯಾಲ್ಸಿಯಂ ಮಿತಿಮೀರಬಹುದು. ಆದ್ದರಿಂದ ವೈದ್ಯರು ರಕ್ತಪರೀಕ್ಷೆ ಮಾಡುತ್ತ ಪ್ರಮಾಣವನ್ನು ಸರಿಹೊಂದಿಸುತ್ತಾರೆ.

ಶಿಕ್ಷಕರಿಗೆ ಇದರಿಂದ ಏನು ಉಪಯೋಗ? ಬೆರಳು, ತುಟಿಗಳಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು, ಕೆಲವೊಮ್ಮೆ ಫಿಟ್ಸ್ – ಇವು ಕ್ಯಾಲ್ಸಿಯಂ ಇಳಿದುದರ ಲಕ್ಷಣಗಳು. ಇಂಥ ಮಗುವಿಗೆ ಅಪಸ್ಮಾರವೆಂದಷ್ಟೇ ತಿಳಿದು ವರ್ಷಗಟ್ಟಲೆ ಗುಳಿಗೆ ನುಂಗಿಸುವ ಅಪಾಯವಿದೆ. ಜೊತೆಗೆ ದೀರ್ಘಕಾಲದ ಭೇದಿ, ರಕ್ತಹೀನತೆ, ಕುಂಠಿತ ಬೆಳವಣಿಗೆ ಇದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಹಾರ್ಮೋನು ಮೂರನ್ನೂ ಅಳೆಯಬೇಕೆ, ಸೀಲಿಯಾಕ್ ಪರೀಕ್ಷೆ ಬೇಕೆ ಎಂದು ವೈದ್ಯರನ್ನು ಕೇಳುವಂತೆ ಪೋಷಕರಿಗೆ ಹೇಳಿ. ಪರೀಕ್ಷೆಗೆ ಮುನ್ನ ಗೋಧಿ ಬಿಡಿಸಬಾರದು. ಬಿಡಿಸಿದರೆ ರೋಗವಿದ್ದರೂ ಪ್ರತಿಕಾಯಗಳು ಕಾಣದೆ ಹೋಗಬಹುದು. ಗೋಧಿ ತೀರ ಕಡಿಮೆ ತಿನ್ನುವವರು ಅದನ್ನೂ ವೈದ್ಯರಿಗೆ ತಿಳಿಸಬೇಕು.

ರೋಗ ಖಚಿತವಾದ ಮೇಲೆ ಜೋಳ, ಸಜ್ಜೆ, ಅಕ್ಕಿ, ತೊಗರಿ ಎಲ್ಲವೂ ಸಲ್ಲುತ್ತವೆ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಗ್ಲೂಟೆನ್ ಬೆರೆಯುತ್ತದೆ. ಅಂಗಡಿಯ ಇಂಗಿನಲ್ಲೂ ಅನೇಕ ವೇಳೆ ಗೋಧಿ ಹಿಟ್ಟು ಇರುತ್ತದೆ. ರೊಟ್ಟಿಯ ನಾಡಿನಲ್ಲಿ ಪಥ್ಯ ಕಷ್ಟವಲ್ಲ. ಈ ಎರಡು ಕಡೆ ಎಚ್ಚರ ಬೇಕು.