ಹೊಸ ರೈಲು ನಿಲ್ದಾಣ: ಸುಲಭದ ದಾರಿಯೇ ಸುರಕ್ಷತೆಯ ದಾರಿಯಾಗಲಿ

ಮುಂಬಯಿ ಮಹಾನಗರದ ಜೀವನಾಡಿಯೆನಿಸಿದ ಲೋಕಲ್ ರೈಲುಗಳಲ್ಲಿ ದಿನನಿತ್ಯ ಸುಮಾರು 70 ಲಕ್ಷ ಮಂದಿ ಪ್ರಯಾಣಿಸುತ್ತಾರೆ. ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸಗಳಿಗಾಗಿ ಬಂದು ಇಲ್ಲಿಯೇ ನೆಲೆಸಿದ ಕನ್ನಡಿಗರ ದಿನಚರಿಯೂ ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡಿರುವುದು ಸರ್ವವಿದಿತ. ಆದುದರಿಂದ ಹೊಸ ನಿಲ್ದಾಣವೊಂದು ಆರಂಭವಾದರೆ ಆ ಪರಿಸರದ ಜನರಿಗೆ ಹಬ್ಬವೇ ಸರಿ. ಆದರೆ ಉದ್ಘಾಟನೆಯ ಸಂಭ್ರಮ ಮುಗಿದ ಬಳಿಕ, ಅಲ್ಲಿ ಪ್ರಯಾಣಿಕನಿಗೆ ಸುಲಭವಾದ ದಾರಿಯೇ ಸುರಕ್ಷಿತ ದಾರಿಯೂ ಆಗಿದೆಯೇ ಎಂಬುದನ್ನು ನಾವು ಪರಿಶೀಲಿಸಬೇಕು.

ಇತ್ತೀಚಿನ ಉದಾಹರಣೆಯಾಗಿ ದಿಘಾ ಗಾಂವ್ ನಿಲ್ದಾಣವನ್ನು ತೆಗೆದುಕೊಳ್ಳಬಹುದು. ಥಾಣೆ ಮತ್ತು ಐರೋಲಿಗಳ ನಡುವೆ, ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿರುವ ಈ ನಿಲ್ದಾಣವನ್ನು 2024ರ ಜನವರಿ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಲೋಕಾರ್ಪಣೆಗೊಳಿಸಿದರು. ಅಟಲ್ ಸೇತು ಉದ್ಘಾಟನೆಯಾದುದೂ ಅದೇ ದಿನ. ಥಾಣೆ-ವಾಶಿ ಮಾರ್ಗ 2004ರಲ್ಲಿಯೇ ಆರಂಭವಾಗಿದ್ದರೂ, ದಿಘಾದ ನಿವಾಸಿಗಳೂ ಅಲ್ಲಿನ ಕೈಗಾರಿಕಾ ವಸಾಹತಿನ ಕಾರ್ಮಿಕರೂ ಅದುವರೆಗೆ ರೈಲು ಹಿಡಿಯಲು ಐರೋಲಿಗೋ ಥಾಣೆಗೋ ಹೋಗಬೇಕಾಗಿತ್ತು.

ಈ ನಿಲ್ದಾಣಕ್ಕೆ ಇನ್ನೊಂದು ಮಹತ್ವವೂ ಇದೆ. ಐರೋಲಿ-ಕಲ್ವಾ ಮೇಲುಮಾರ್ಗ ಯೋಜನೆಯ ಮೊದಲನೆಯ ಹಂತವಿದು. ಡೊಂಬಿವಲಿ, ಕಲ್ಯಾಣ್ ಕಡೆಯಿಂದ ನವಿಮುಂಬಯಿಗೆ ಹೋಗುವವರು ಥಾಣೆಯಲ್ಲಿಳಿದು, ಸೇತುವೆ ಹತ್ತಿ, ಒಂಬತ್ತು ಮತ್ತು ಹತ್ತನೆಯ ಪ್ಲಾಟ್‌ಫಾರ್ಮ್‌ಗಳಿಗೆ ಧಾವಿಸುವ ದೃಶ್ಯ ನಮಗೆಲ್ಲ ಪರಿಚಿತ. ಕಲ್ವಾದಿಂದ ದಿಘಾದ ಕಡೆಗೆ ನೇರವಾಗಿ ರೈಲು ಓಡಿದರೆ ಥಾಣೆಯ ಮೇಲಿನ ಈ ಒತ್ತಡ ಇಳಿಯುತ್ತದೆ ಎಂಬುದು ಯೋಜನೆಯ ಆಶಯ. ಆದರೆ ನಿಲ್ದಾಣ ತೆರೆದಾಗ ಆ ಎರಡನೆಯ ಹಂತ ಆಗಿರಲಿಲ್ಲ; ಮಾರ್ಗದಲ್ಲಿರುವ ಗುಡಿಸಲುವಾಸಿಗಳ ಪುನರ್ವಸತಿಯ ಪ್ರಶ್ನೆ ಅದಕ್ಕೆ ಅಡ್ಡಿಯಾಗಿತ್ತು. ಇದು ಕೇವಲ ಅನುಕೂಲದ ಮಾತಲ್ಲ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಸಾಗಿದ ರೈಲುಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗಳ ಮೇಲೆ ಬಿದ್ದು, ಅಂದೇ ನಾಲ್ವರು ಪ್ರಾಣ ಕಳೆದುಕೊಂಡರು. ಆ ದುರಂತ ನಡೆದುದು ಕಲ್ಯಾಣ್ ಮತ್ತು ಥಾಣೆಗಳ ನಡುವಿನ ಇದೇ ಹಾದಿಯಲ್ಲಿ.

ನಿಲ್ದಾಣದೊಳಗಿನ ವ್ಯವಸ್ಥೆಯಲ್ಲಿ ಮೊದಲು ಗಮನಿಸಬೇಕಾದುದು ಪಾದಚಾರಿ ಸೇತುವೆ. ಎರಡೂ ದಿಕ್ಕಿನ ರೈಲುಗಳು ಒಂದೇ ವೇಳೆಗೆ ಬಂದು ನಿಂತಾಗ ಸಾವಿರಾರು ಜನ ಒಮ್ಮೆಗೇ ಮೆಟ್ಟಿಲಿಗೆ ನುಗ್ಗುತ್ತಾರೆ. ಆ ಕ್ಷಣದ ಜನಸಂದಣಿಯನ್ನು ತಾಳುವಷ್ಟು ಸೇತುವೆ ಅಗಲವಾಗಿರಬೇಕು. 2017ರ ಸೆಪ್ಟೆಂಬರ್ 29ರಂದು, ನಾವೆಲ್ಲ ಆಯುಧಪೂಜೆಯ ಸಡಗರದಲ್ಲಿದ್ದ ದಿನ, ಎಲ್ಫಿನ್‌ಸ್ಟನ್ ರೋಡ್-ಪರೇಲ್ ನಿಲ್ದಾಣಗಳ ನಡುವಿನ ಇಕ್ಕಟ್ಟಾದ ಸೇತುವೆಯ ಮೇಲೆ ಮಳೆಗೆ ನಿಂತವರೂ ರೈಲಿನಿಂದಿಳಿದವರೂ ಒತ್ತಾಗಿ ಕಾಲ್ತುಳಿತವುಂಟಾಗಿ 23 ಮಂದಿ ಅಸುನೀಗಿದರು. ಬಳಿಕ ಸೇನೆಯ ನೆರವಿನಿಂದ ನಿರ್ಮಿಸಲಾದ ಹೊಸ ಸೇತುವೆ 2018ರ ಫೆಬ್ರವರಿಯಲ್ಲಿ ತೆರೆಯಿತು. ಗಿರಣಿಗಳಿದ್ದ ಜಾಗದಲ್ಲಿ ಕಚೇರಿಗಳೆದ್ದು ಪ್ರಯಾಣಿಕರು ಹೆಚ್ಚಿದರೂ ಸೇತುವೆ ಮಾತ್ರ ಹಿಂದಿನಂತೆಯೇ ಇದ್ದುದು ಆ ದುರಂತದ ಮೂಲ. ಹೊಸ ನಿಲ್ದಾಣಗಳ ಸುತ್ತಲೂ ಬಡಾವಣೆಗಳು ಬೆಳೆಯುತ್ತಿರುವಾಗ ಈ ಪಾಠವನ್ನು ಮರೆಯಲಾಗದು.

ಎರಡನೆಯದು ಹಳಿ ದಾಟುವ ಅಭ್ಯಾಸ. 2022ರಿಂದ 2024ರವರೆಗಿನ ಪ್ರತಿಯೊಂದು ವರ್ಷದಲ್ಲೂ ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ ಎರಡು ಸಾವಿರಕ್ಕೂ ಅಧಿಕ ಮಂದಿ ಮೃತಪಟ್ಟಿದ್ದು, ಹಳಿ ದಾಟುವಾಗ ಸತ್ತವರ ಸಂಖ್ಯೆಯೇ ಅವುಗಳಲ್ಲಿ ದೊಡ್ಡದು. ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಇದಕ್ಕೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಒಂದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ ಉಂಟು. ಆದರೂ ಜನ ದಾಟುತ್ತಾರೆ. ಸೇತುವೆ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿದ್ದು, ಮನೆಯ ದಾರಿ ಇನ್ನೊಂದು ತುದಿಯಲ್ಲಿದ್ದರೆ ದಣಿದ ಮನುಷ್ಯ ಹತ್ತಿರದ ದಾರಿಯನ್ನೇ ಹುಡುಕುತ್ತಾನೆ. ಎರಡೂ ತುದಿಗಳಲ್ಲಿ ಸೇತುವೆ, ನಡೆಯುವ ಸ್ಥಿತಿಯಲ್ಲಿರುವ ಎಸ್ಕಲೇಟರ್ ಮತ್ತು ಲಿಫ್ಟ್, ಹಳಿಗಳ ನಡುವೆ ಗಟ್ಟಿಯಾದ ಬೇಲಿ, ಇವು ಮೂರೂ ಇದ್ದಲ್ಲಿ ದಂಡದ ಭಯಕ್ಕಿಂತ ಹೆಚ್ಚಿನ ಫಲ ದೊರೆಯುತ್ತದೆ.

ಮೂರನೆಯದು ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಅಂತರ. 2014ರ ಜನವರಿಯಲ್ಲಿ ಘಾಟ್‌ಕೋಪರ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಈ ಸಂದಿಯಲ್ಲಿ ಜಾರಿಬಿದ್ದು ಎರಡೂ ಕೈಗಳನ್ನು ಕಳೆದುಕೊಂಡ ನಂತರ ಈ ವಿಷಯ ಬಾಂಬೆ ಉಚ್ಚ ನ್ಯಾಯಾಲಯದಲ್ಲೂ ಚರ್ಚೆಗೆ ಬಂತು; ತಗ್ಗಿನ ಪ್ಲಾಟ್‌ಫಾರ್ಮ್‌ಗಳನ್ನು ಸುಮಾರು 900 ಮಿಲಿಮೀಟರ್ ಎತ್ತರಕ್ಕೆ ಏರಿಸುವ ಕಾರ್ಯಕ್ಕೆ ವೇಗ ದೊರೆಯಿತು. ಸೀರೆಯುಟ್ಟ ಹಿರಿಯ ಮಹಿಳೆಯರಿಗೂ ಮಂಡಿನೋವಿನ ವೃದ್ಧರಿಗೂ ಕೆಲವೇ ಅಂಗುಲಗಳ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವರ್ಷಾನುಗಟ್ಟಲೆ ಪಾಸು ನವೀಕರಿಸುತ್ತ ಬಂದ ನಮ್ಮಂಥವರು ತಿಳಿದಿರಬೇಕಾದ ಕಾನೂನಿನ ಮಾತೊಂದಿದೆ. ಟಿಕೆಟು ಅಥವಾ ಪಾಸು ಹೊಂದಿರುವ ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದು ಮೃತನಾದರೆ ರೈಲ್ವೆ ಕಾಯ್ದೆಯ 124ಎ ಕಲಮಿನ ಪ್ರಕಾರ ಕುಟುಂಬಕ್ಕೆ ಪರಿಹಾರದ ಹಕ್ಕಿದೆ. 2017ರ ಜನವರಿಯಿಂದ ಈ ಮೊತ್ತ ಎಂಟು ಲಕ್ಷ ರೂಪಾಯಿ. ಗಾಯಗಳಿಗೂ ಅವುಗಳ ಸ್ವರೂಪಕ್ಕನುಸಾರ ಪರಿಹಾರವುಂಟು. ಅರ್ಜಿಯನ್ನು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಒಂದು ವರ್ಷದೊಳಗೆ ಸಲ್ಲಿಸಬೇಕು. ಮೃತನ ಬಳಿ ಟಿಕೆಟು ದೊರೆಯಲಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆಯಾದರೂ, ಪಾಸಿನ ಪ್ರತಿಯೊಂದು ಮನೆಯಲ್ಲಿರುವುದು ಲೇಸು. ಆದರೆ ಹಳಿ ದಾಟುವಾಗ ರೈಲು ಬಡಿದು ಸತ್ತರೆ ಅದು ಈ ಕಲಮಿನ ವ್ಯಾಪ್ತಿಗೆ ಬಾರದು. ಎರಡು ನಿಮಿಷ ಉಳಿಸಲು ಹೋದವನ ಹೆಂಡತಿ ಮಕ್ಕಳಿಗೆ ಆಸರೆಯೂ ಇಲ್ಲ, ಪರಿಹಾರವೂ ಇಲ್ಲ ಎಂದಂತಾಯಿತು.

ನಮ್ಮ ಸಂಘ ಸಂಸ್ಥೆಗಳು ಈ ದಿಸೆಯಲ್ಲಿ ಸುಲಭವಾಗಿ ಮಾಡಬಹುದಾದ ಕೆಲಸಗಳಿವೆ. ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ನಿಲ್ದಾಣದ ಪೂರ್ವ ಅಥವಾ ಪಶ್ಚಿಮ ಎಂದಷ್ಟೇ ಬರೆಯದೆ, ಹಿರಿಯರಿಗೆ ಲಿಫ್ಟ್ ಇರುವ ಸೇತುವೆ ಯಾವುದೆಂಬುದನ್ನೂ ಸೂಚಿಸಬಹುದು. ರಾತ್ರಿ ಕಾರ್ಯಕ್ರಮಗಳನ್ನು ಕೊನೆಯ ರೈಲಿನ ಗಡಿಬಿಡಿಗೆ ಎಡೆಯಿಲ್ಲದಂತೆ ಮುಗಿಸಬಹುದು. ಕೆಟ್ಟುನಿಂತ ಎಸ್ಕಲೇಟರ್, ಉರಿಯದ ದೀಪಗಳ ಬಗ್ಗೆ 139 ಸಹಾಯವಾಣಿಗೆ ದೂರು ನೀಡಿ, ಅದಕ್ಕೂ ಫಲ ಸಿಗದಿದ್ದಲ್ಲಿ ಸಂಘದ ಹೆಸರಿನಲ್ಲಿ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಪತ್ರ ಬರೆಯಬಹುದು. ಒಬ್ಬನ ಗೊಣಗಾಟಕ್ಕಿಂತ ನೂರು ಸಹಿಗಳ ಪತ್ರಕ್ಕೆ ಬೆಲೆ ಹೆಚ್ಚು. ಮುಂಜಾನೆ ಮನೆ ಬಿಟ್ಟವರು ಸಂಜೆ ಕ್ಷೇಮವಾಗಿ ಹಿಂದಿರುಗಬೇಕೆಂಬುದು ಪ್ರತಿ ಮನೆಯ ಹಾರೈಕೆ. ಅದಕ್ಕಾಗಿ ರೈಲ್ವೆ ಮಾಡಬೇಕಾದುದನ್ನು ಕೇಳಿ ಪಡೆಯೋಣ, ನಾವು ಪಾಲಿಸಬೇಕಾದುದನ್ನು ತಪ್ಪದೆ ಪಾಲಿಸೋಣ.